ಔಷಧ ಖರೀದಿಯೂ ಹಳ್ಳದ ನೀರೂ

ಹೈದರಾಬಾದಿಗೆ ಸಮೀಪದ ಪಟಾನ್‌ಚೆರುವಿನಲ್ಲಿ ಸುಮಾರು 90 ಔಷಧ ಕಾರ್ಖಾನೆಗಳ ತ್ಯಾಜ್ಯ ನೀರನ್ನು ಶುದ್ಧೀಕರಿಸುತ್ತಿದ್ದ ಸಾಮೂಹಿಕ ಘಟಕವೊಂದನ್ನು ಸ್ವೀಡನ್ನಿನ ವಿಜ್ಞಾನಿಗಳು ಪರಿಶೀಲಿಸಿದರು. 2007ರ ಅವರ ವರದಿಯಂತೆ, ಶುದ್ಧೀಕರಿಸಿ ಹೊರಬಿಟ್ಟ ನೀರಿನಲ್ಲಿಯೂ ಸಿಪ್ರೊಫ್ಲಾಕ್ಸಸಿನ್ ಎಂಬ ಪ್ರತಿಜೀವಕ ಔಷಧವು ಲೀಟರಿಗೆ 31 ಮಿಲಿಗ್ರಾಂವರೆಗೆ ಇದ್ದಿತು; ಅದನ್ನು ಸೇವಿಸಿದ ರೋಗಿಯ ರಕ್ತದಲ್ಲಿಯೂ ಇಷ್ಟಿರುವುದಿಲ್ಲ. ಇಂತಹ ನೀರಿನಲ್ಲಿ ಔಷಧಕ್ಕೆ ಮಣಿಯದ ಬ್ಯಾಕ್ಟೀರಿಯಗಳೇ ಉಳಿದು ಬೆಳೆಯುತ್ತವೆ.

ಹೊಣೆ ಕಾರ್ಖಾನೆಯದು ಮಾತ್ರವೇ? ಅತ್ಯಂತ ಕಡಿಮೆ ದರವನ್ನಷ್ಟೇ ನೋಡಿ ಟೆಂಡರು ಒಪ್ಪುವ ಖರೀದಿದಾರನು, ಶುದ್ಧೀಕರಣಕ್ಕೆ ಹಣ ವ್ಯಯಿಸಿದ ತಯಾರಕನನ್ನೇ ಸ್ಪರ್ಧೆಯಿಂದ ಹೊರಗಿಡುತ್ತಾನೆ. ಹಾಗೆ ಉಳಿಸಿದ ಹಣದ ಹೊರೆ ನಕ್ಕವಾಗು ಹಳ್ಳದ ದಂಡೆಯ ರೈತನ ಮೇಲೆ ಬೀಳುತ್ತದೆ.

ನಾರ್ವೆಯ ಆಸ್ಪತ್ರೆಗಳ ಖರೀದಿ ಸಂಸ್ಥೆಯು 2019ರಲ್ಲಿ ಪ್ರತಿಜೀವಕಗಳ ಟೆಂಡರಿನಲ್ಲಿ ಪರಿಸರ ಮಾನದಂಡಗಳಿಗೆ ಶೇಕಡಾ 30ರಷ್ಟು ಪ್ರಾಧಾನ್ಯ ನೀಡಿತು. ವಿಶ್ವ ಆರೋಗ್ಯ ಸಂಸ್ಥೆಯು 2024ರಲ್ಲಿ ಹೊರಡಿಸಿದ ಪ್ರತಿಜೀವಕ ತಯಾರಿಕೆಯ ತ್ಯಾಜ್ಯ ಕುರಿತ ಮಾರ್ಗಸೂಚಿಯು, ತಯಾರಕರಿಗಲ್ಲದೆ ಖರೀದಿದಾರರಿಗೂ ಉದ್ದೇಶಿಸಿದುದಾಗಿದೆ.