ಗಣಕಯಂತ್ರದ ಮಾತು ಕೆಟ್ಟಾಗ

ಅಂಧರು ಗಣಕಯಂತ್ರವನ್ನು ಕಿವಿಯಿಂದ ಓದುತ್ತಾರೆ. ಪರದೆಯ ಬರಹವನ್ನು ಧ್ವನಿಯಾಗಿಸುವ ತಂತ್ರಾಂಶವೇ ‘ಸ್ಕ್ರೀನ್ ರೀಡರ್’. ಸ್ವತಃ ಅಂಧರಾದ ಆಸ್ಟ್ರೇಲಿಯಾದ ಮೈಕೆಲ್ ಕರನ್ ಅವರು 2006ರಲ್ಲಿ ‘ಎನ್‌ವಿಡಿಎ’ ಎಂಬ ಇಂಥದೊಂದು ತಂತ್ರಾಂಶದ ರಚನೆಯನ್ನು ಆರಂಭಿಸಿದರು. ಇದು ಉಚಿತವಾಗಿ ದೊರೆಯುತ್ತದೆ.

ಈ ವಾಚಕವು ಸಾಮಾನ್ಯವಾಗಿ ಪರದೆಯ ಚಿತ್ರವನ್ನು ನೋಡಿ ಓದುವುದಿಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ‘ಇದು ಗುಂಡಿ, ಇದು ಕೊಂಡಿ’ ಎಂಬ ವಿವರವನ್ನು ಅದು ಆಯಾ ತಂತ್ರಾಂಶದಿಂದಲೇ ಕೇಳಿ ತಿಳಿಯುತ್ತದೆ. ವಿಂಡೋಸ್‌ನಲ್ಲಿ ಈ ಸಂವಾದಕ್ಕೆ ನೆರವಾಗುವ ಕಡತಗಳು ‘ರಿಜಿಸ್ಟ್ರಿ’ ಎಂಬ ದಾಖಲೆಯಲ್ಲಿ ನೋಂದಣಿಯಾಗಿರುತ್ತವೆ. ಬೇರಾವುದೋ ತಂತ್ರಾಂಶವನ್ನು ಸ್ಥಾಪಿಸಿದಾಗ ಅಥವಾ ತೆಗೆದುಹಾಕಿದಾಗ ಆ ನೋಂದಣಿ ಅಳಿಸಿಹೋಗುವುದುಂಟು. ಆಗ ವಾಚಕವು ಕೊಂಡಿಯ ಹೆಸರನ್ನು ಹೇಳಬೇಕಾದಲ್ಲಿ ‘ಅಜ್ಞಾತ’ ಎನ್ನುತ್ತದೆ. ಇಲ್ಲವೆ ಜಾಲಪುಟಗಳಲ್ಲಿ ತೀರ ನಿಧಾನವಾಗುತ್ತದೆ. ಕಣ್ಣುಳ್ಳವರಿಗೆ ಪರದೆ ಎಂದಿನಂತೆಯೇ ತೋರುವುದರಿಂದ ದೋಷವು ಅವರ ಗಮನಕ್ಕೇ ಬಾರದು. ಅಂಧ ವಿದ್ಯಾರ್ಥಿಗಾದರೋ ಪರೀಕ್ಷೆಯ ಅರ್ಜಿ ತುಂಬುವ ದಾರಿಯೇ ಮುಚ್ಚಿಹೋಗುತ್ತದೆ.

ಇದಕ್ಕೆಂದೇ ಎನ್‌ವಿಡಿಎಯಲ್ಲಿ ‘ಸಿಒಎಂ ರಿಜಿಸ್ಟ್ರೇಷನ್ ಫಿಕ್ಸಿಂಗ್ ಟೂಲ್’ ಎಂಬ ಕಿರು ಉಪಕರಣವುಂಟು. ಇನ್ಸರ್ಟ್ ಕೀಲಿಯೊಡನೆ ಎನ್ ಕೀಲಿಯನ್ನು ಒತ್ತಿ, ‘ಟೂಲ್ಸ್’ ವಿಭಾಗದಲ್ಲಿ ಇದನ್ನು ಆರಿಸಬೇಕು. ವಿಂಡೋಸ್ ಕೇಳುವ ನಿರ್ವಾಹಕರ ಅನುಮತಿಯನ್ನು ಕೊಟ್ಟರೆ ಅಳಿದ ನೋಂದಣಿಗಳನ್ನು ಅದು ಮತ್ತೆ ಬರೆಯುತ್ತದೆ. ಅನಂತರ ಗಣಕವನ್ನು ಪುನಃ ಆರಂಭಿಸುವುದು ಒಳ್ಳೆಯದು.

ಆದರೆ ಎಲ್ಲ ಮೌನಕ್ಕೂ ಇದು ಮದ್ದಲ್ಲ. ಗುಂಡಿಗೆ ಹೆಸರನ್ನೇ ಕೊಡದೆ ಜಾಲಪುಟವನ್ನು ರಚಿಸಿದ್ದರೆ ಈ ಉಪಕರಣವು ಆ ಹೆಸರನ್ನು ಹುಟ್ಟಿಸಲಾರದು. ಅದನ್ನು ಬರೆಯುವುದು ರಚಿಸಿದವರ ಕರ್ತವ್ಯ. ಮುಂದೆ ತಂತ್ರಾಂಶ ರಚಿಸಲಿರುವ ವಿದ್ಯಾರ್ಥಿಗಳು ಇದನ್ನು ಮರೆಯಬಾರದು.