ಹಲಸಿನದು ಕಣದಿಂದ, ಉದ್ದಿನದು ಅಂಗಡಿಯಿಂದ

ಮಡಿಕೇರಿಯಿಂದ ಭಾಗಮಂಡಲದ ಕಡೆಗಿನ ಊರುಗಳಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಟ್ಟ ಬಟ್ಟೆಯೇ ಒಣಗುವುದಿಲ್ಲ. ಗಂಜಿಯ ಪಕ್ಕ ಹಪ್ಪಳ ಬೇಕೆನಿಸುವುದು ಆ ತಿಂಗಳುಗಳಲ್ಲೇ. ಹಾಗಾಗಿ ಬೇಸಿಗೆಯಲ್ಲಿ ಮಾಡಿಟ್ಟುಕೊಳ್ಳಬೇಕು, ಇಲ್ಲವೇ ಕೊಳ್ಳಬೇಕು. ಮದುವೆಯಾಗಿ ಬಂದಂದಿನಿಂದ ನಾನು ಎರಡನ್ನೂ ಮಾಡುತ್ತಿದ್ದೇನೆ. ಹೊಸದಾಗಿ ಸಂಸಾರ ಹೂಡಿದ ಹುಡುಗಿಯರು "ಅಕ್ಕ, ಮಾಡೋದಾ, ತರೋದಾ?" ಎಂದು ಕೇಳುತ್ತಾರೆ. ಯಾವ ಹಪ್ಪಳ ಎಂದು ನಾನು ತಿರುಗಿ ಕೇಳುತ್ತೇನೆ.

1. ಉದ್ದಿನ ಹಪ್ಪಳವನ್ನು ಕೊಂಡು ತನ್ನಿ.

ಉದ್ದು ನಮ್ಮ ತೋಟದ ಬೆಳೆಯಲ್ಲ, ಹೇಗಿದ್ದರೂ ಅಂಗಡಿಯಿಂದಲೇ ಬರಬೇಕು. ಅದರ ಹಿಟ್ಟನ್ನು ಹಪ್ಪಳದ ಖಾರ ಎನ್ನುವ ಸೋಡಾದ ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಎಣ್ಣೆ ಸವರಿ, ಬಣ್ಣ ಬಿಳಿಗೆ ತಿರುಗುವವರೆಗೆ ಒನಕೆಯಲ್ಲಿ ಕುಟ್ಟಬೇಕು. ಉದ್ದಿನೊಳಗಿನ ಅಂಟು ಆ ಏಟಿಗೆ ಸಡಿಲವಾದಾಗಲೇ ಹಿಟ್ಟು ಹರಿಯದೆ ತೆಳ್ಳಗೆ ಹರಡುವುದು. ರಟ್ಟೆ ಬೀಳುವ ಕೆಲಸ. ಇಷ್ಟೆಲ್ಲ ಮಾಡಿಯೂ ಒಳ್ಳೆಯ ಅಂಗಡಿಯ ಹಪ್ಪಳಕ್ಕಿಂತ ರುಚಿಯಲ್ಲಿ ಹೆಚ್ಚೇನೂ ಸಿಗುವುದಿಲ್ಲ.

ಅಂಗಡಿಯ ಹಪ್ಪಳವೆಂದರೆ ಬರೀ ಯಂತ್ರದ್ದು ಎಂಬ ತಾತ್ಸಾರವೂ ಬೇಡ. 1959ರ ಮಾರ್ಚ್ 15ರಂದು ಮುಂಬೈಯ ಗಿರ್‌ಗಾಂವ್‌ನಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲ ತಂದು ಶುರು ಮಾಡಿದ ಕೆಲಸವೇ ಇಂದಿನ ಲಿಜ್ಜತ್ ಹಪ್ಪಳ. ಅಲ್ಲಿ ಹಿಟ್ಟು ಶಾಖೆಯಲ್ಲಿ ತಯಾರಾಗುತ್ತದೆ. ಸದಸ್ಯೆಯರು ಅದನ್ನು ಮನೆಗೆ ಒಯ್ದು, ಲಟ್ಟಿಸಿ ಒಣಗಿಸಿ, ಮರಳಿ ತಂದು ಕೊಡುತ್ತಾರೆ. ಆ ಏಳು ಜನರಲ್ಲಿ ಒಬ್ಬರಾದ ಜಸ್ವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಇಂಥ ಹೆಂಗಸರ ಕಸುಬನ್ನು ಅವರಿಗೇ ಬಿಟ್ಟು ದುಡ್ಡು ಕೊಟ್ಟು ಕೊಳ್ಳುವುದರಲ್ಲಿ ಗೃಹಿಣಿಗೆ ಏನೂ ಕುಂದಿಲ್ಲ.

2. ಕೊಳ್ಳುವಾಗ ಪೊಟ್ಟಣದ ಹಿಂಬದಿ ಓದಿ.

ಪದಾರ್ಥಗಳ ಪಟ್ಟಿಯಲ್ಲಿ ಮೊದಲು ಬರೆದಿರುವುದೇ ಒಳಗೆ ಹೆಚ್ಚಿರುವುದು. ಉದ್ದಿನ ಹಪ್ಪಳ ಎಂದು ದೊಡ್ಡದಾಗಿ ಅಚ್ಚು ಹಾಕಿ, ಪಟ್ಟಿಯಲ್ಲಿ ಅಕ್ಕಿ ಹಿಟ್ಟು ಮೊದಲಿದ್ದರೆ ಬಿಟ್ಟುಬಿಡಿ. ಐಎನ್‌ಎಸ್ 500 ಎಂದಿದ್ದರೆ ಹೆದರಬೇಕಾಗಿಲ್ಲ, ಅದು ಸೋಡಾದ ಜಾತಿಯ ಉಪ್ಪು. ಮನೆಯಲ್ಲಿ ಮಾಡಿದರೂ ಅದೇ ಹಾಕುತ್ತೇವೆ. ಐಎನ್‌ಎಸ್ 211 ಎಂದರೆ ಕೆಡದಂತೆ ಹಾಕುವ ಬೆಂಜೋಯೇಟ್. ಚೆನ್ನಾಗಿ ಒಣಗಿದ ಹಪ್ಪಳಕ್ಕೆ ಅದರ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ. ರಕ್ತದೊತ್ತಡ ಇರುವವರ ಮನೆಯಲ್ಲಿ ಒಂದು ಮಾತು ನೆನಪಿರಲಿ: ಉಪ್ಪಿನ ಜೊತೆಗೆ ಈ ಸೋಡಾದಲ್ಲೂ ಸೋಡಿಯಂ ಇದೆ.

3. ಹಲಸಿನ ಹಪ್ಪಳ ಮಾತ್ರ ಮನೆಯಲ್ಲೇ ಆಗಬೇಕು.

ಕೈ ಸೇರಿಸುವ ಜನ ಇದ್ದರೆ ಇದರಲ್ಲಿ ನಾನು ರಾಜಿಗೆ ತಯಾರಿಲ್ಲ. ಕೊಡಗಿನ ಕಾಫಿ ತೋಟದಲ್ಲಿ ಹಲಸು ನೆರಳಿನ ಮರ. ಅದರ ಕಾಂಡಕ್ಕೆ ಕರಿಮೆಣಸಿನ ಬಳ್ಳಿ ಹಬ್ಬಿರುತ್ತದೆ. ಕಾಯಿಗೆ ದುಡ್ಡು ಕೊಡಬೇಕಿಲ್ಲ, ಹಣ್ಣಾದದ್ದರಲ್ಲಿ ಬಹುಪಾಲು ಬುಡದಲ್ಲೇ ಬಿದ್ದು ಕೊಳೆಯುತ್ತದೆ. ಅದಕ್ಕಿಂತ ದೊಡ್ಡ ಕಾರಣ ಆನೆ. ಹಲಸಿನ ಹಣ್ಣಿನ ವಾಸನೆ ಹಿಡಿದು ಆನೆ ತೋಟಕ್ಕೆ ಇಳಿಯುತ್ತದೆ. ಇಳಿದ ಮೇಲೆ ಕಾಫಿ ಗಿಡ ಮುರಿಯುತ್ತದೆ, ಬೇಲಿ ಹೋಗುತ್ತದೆ, ಬೆಳಗ್ಗೆ ಕೆಲಸಕ್ಕೆ ಬರುವವರ ಜೀವಕ್ಕೇ ಅಪಾಯ. ಸಿದ್ದಾಪುರ, ವಿರಾಜಪೇಟೆ ಕಡೆಯ ತೋಟದವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಅದಕ್ಕೇ ಎಷ್ಟೋ ಬೆಳೆಗಾರರು ಹಣ್ಣಾಗುವ ಮೊದಲೇ ಕಾಯಿ ಇಳಿಸಿಬಿಡುತ್ತಾರೆ. ಇಳಿಸಿದ್ದನ್ನು ಗುಂಡಿಗೆ ಹಾಕುವುದನ್ನು ನೋಡಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ. ಹಪ್ಪಳಕ್ಕೆ ಬೇಕಾದ ಕಾಯಿ ಅದೇ ತಾನೆ: ಚೆನ್ನಾಗಿ ಬಲಿತದ್ದು, ಇನ್ನೂ ಹಣ್ಣಾಗದ್ದು.

ಕೊಂಡು ತಂದ ಹಲಸಿನ ಹಪ್ಪಳದಲ್ಲಿ ಹಲವು ಸಲ ಅಕ್ಕಿ ಹಿಟ್ಟಿನ ರುಚಿಯೇ ಮುಂದಾಗಿರುತ್ತದೆ. ಮಕ್ಕಳಿಗೆ ಹಲಸು ಹೀಗಿರುತ್ತದೆ ಎಂದು ತೋರಿಸಲು ಅದು ಸಾಲದು.

4. ಅರ್ಧ ಹಪ್ಪಳ ಕಾಯಿ ಆರಿಸುವುದರಲ್ಲೇ ಇದೆ.

ಬಕ್ಕೆ ಹಲಸೇ ಬೇಕು. ಅಂಬಲಿ ಹಲಸಿನ ಮೆತ್ತನೆಯ ತೊಳೆ ಕುಟ್ಟಿದರೆ ಅಂಟಂಟಾಗುತ್ತದೆ. ಬೀಜದ ಸಿಪ್ಪೆ ಗಟ್ಟಿಯಾಗಿರಬೇಕು, ತೊಳೆ ಬಿಳಿ ಬಿಟ್ಟು ಹಳದಿಗೆ ತಿರುಗುವ ಹಂತದಲ್ಲಿರಬೇಕು. ಬಾಯಿಗಿಟ್ಟಾಗ ಸಿಹಿ ಬಂತೋ, ಆ ಕಾಯಿ ಹಪ್ಪಳಕ್ಕಲ್ಲ. ಸಕ್ಕರೆ ತುಂಬಿದ ತೊಳೆ ಎಣ್ಣೆಗೆ ಬಿದ್ದ ಕೂಡಲೇ ಕಂದುತ್ತದೆ, ಅರಳುವ ಮೊದಲೇ ಕಹಿಯಾಗುತ್ತದೆ.

ತೊಳೆಯನ್ನು ಹಬೆಯಲ್ಲೇ ಬೇಯಿಸಿ, ನೀರು ಸೋಕದಿರಲಿ. ಬಿಸಿ ಇರುವಾಗಲೇ ಉಪ್ಪು, ಜೀರಿಗೆ, ಇಂಗು ಸೇರಿಸಿ ಕುಟ್ಟಿ. ಆರಿದ ಮೇಲೆ ಕುಟ್ಟಿದರೆ ಗಂಟು ಉಳಿಯುತ್ತದೆ. ಒರಳಿಲ್ಲದವರು ಗ್ರೈಂಡರಿಗೆ ಸ್ವಲ್ಪಸ್ವಲ್ಪವೇ ಹಾಕಿ ರುಬ್ಬಬಹುದು, ಆದರೆ ನೀರು ಹಾಕದೆ. ಒಳಗೆ ಹೋದ ಒಂದೊಂದು ಹನಿಯನ್ನೂ ಬಿಸಿಲೇ ಹೊರಗೆ ತೆಗೆಯಬೇಕು, ನಮ್ಮಲ್ಲಿ ಬಿಸಿಲಿಗೇ ಬರ.

5. ದಿನ ಗೊತ್ತು ಮಾಡುವ ಮೊದಲು ಕಾಫಿಯ ಲೆಕ್ಕ ನೋಡಿ.

ಬಯಲು ಸೀಮೆಯವರು ಶಿವರಾತ್ರಿ ಕಳೆಯುತ್ತಿದ್ದಂತೆ ಮಾಳಿಗೆ ಹತ್ತಿ ಹಪ್ಪಳ ಹರಡುತ್ತಾರೆ. ನಮಗೆ ಹಾಗಾಗದು. ರೋಬಸ್ಟಾ ಕೊಯ್ಲು ಮುಗಿದು ಕಣ ಖಾಲಿಯಾಗುವ ಹೊತ್ತಿಗೆ ಮಾರ್ಚ್ ಬಂದಿರುತ್ತದೆ. ಆಗ ಊರೆಲ್ಲ ಹೂಮಳೆಗೆ ಆಕಾಶ ನೋಡುತ್ತಿರುತ್ತದೆ. ಹೂಮಳೆ ಬಿದ್ದು ಕಾಫಿ ಅರಳಿದರೆ ಸಾಲದು, ಕೆಲವು ವಾರದೊಳಗೆ ಬೆಂಬಲದ ಮಳೆಯೂ ಬರಬೇಕು. ಮನೆಯ ಯಜಮಾನ ಮಳೆ ಬೇಡುವ ದಿನಗಳಲ್ಲೇ ಯಜಮಾನಿ ಬಿಸಿಲು ಬೇಡಬೇಕು. ಕಾಫಿಯ ಮಳೆಯೇ ಮುಖ್ಯ, ಮನೆ ನಡೆಯುವುದು ಅದರಿಂದ. ಹಪ್ಪಳ ಅದರ ಮಧ್ಯೆ ಸಿಗುವ ಬಿಡುವಿನಲ್ಲಿ ನುಸುಳಿಕೊಳ್ಳಬೇಕು.

ಇನ್ನೊಂದು ತೊಡಕು ಎತ್ತರ. ಸಂಪಾಜೆ, ಪೆರಾಜೆಯ ತಗ್ಗಿನಲ್ಲಿ ಹಲಸು ಬೇಗ ಬಲಿಯುತ್ತದೆ. ಮಡಿಕೇರಿಯ ಸುತ್ತ ಬಲಿಯುವಷ್ಟರಲ್ಲಿ ಮಧ್ಯಾಹ್ನದ ಗುಡುಗು ಮಳೆ ಹಿಡಿದಿರುತ್ತದೆ. ಕೆಳಗೆ ನೆಂಟರಿದ್ದರೆ ಏಪ್ರಿಲ್‌ನಲ್ಲೇ ಅಲ್ಲಿಂದ ಕಾಯಿ ತರಿಸಿ, ನಮ್ಮ ಮರದ್ದಕ್ಕೆ ಕಾಯಬೇಡಿ.

ಬೆಳಗಿನ ಜಾವ ಬೇಯಿಸಿದರೆ ಒಂಬತ್ತಕ್ಕೆ ಚಾಪೆ ತುಂಬಿರುತ್ತದೆ. ಮೊದಲ ದಿನದ ಬಿಸಿಲೇ ಎಲ್ಲ. ಮೇಲ್ಮೈ ಅಂದೇ ಬಿಗಿಯಬೇಕು. ಮಧ್ಯಾಹ್ನ ಮೋಡ ಕಟ್ಟಿದರೆ ಅರೆ ಒಣಗಿದ್ದನ್ನು ಒಂದರ ಮೇಲೊಂದು ಪೇರಿಸಬೇಡಿ, ರಾತ್ರಿಯೊಳಗೆ ಅಂಟಿಕೊಂಡು ಬೂಸ್ಟು ಹಿಡಿಯುತ್ತದೆ. ಚಾಪೆಯನ್ನು ಹಾಗೇ ಒಳಗೆಳೆದು ಫ್ಯಾನ್ ಕೆಳಗೆ ಬಿಡಿ. ಮರುದಿನ ಮಗುಚಿ ಹಾಕಿ. ಸೋಲಾರ್ ಡ್ರೈಯರ್ ಇರುವ ಮನೆ ಪುಣ್ಯವಂತರ ಮನೆ. ಕಾಫಿಗೂ ಮೆಣಸಿಗೂ ಅದು ಬೇಕಾಗುವುದರಿಂದ ಖರ್ಚಿಗೆ ಹಿಂದೆಮುಂದೆ ನೋಡಬೇಡಿ.

6. ಅಂಚು ದಪ್ಪವಾಗದಂತೆ ಒತ್ತಿ.

ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ನಿಂಬೆ ಗಾತ್ರದ ಉಂಡೆ ಇಟ್ಟು ಮಣೆಯಿಂದ ಒತ್ತಿದರೆ ಆಯಿತು. ಹಿಂದೆ ಬಾಳೆಲೆ ಇತ್ತು, ಈಗಲೂ ಅದೇ ಚೆಂದ. ದಪ್ಪ ಅಂಚು ಒಳಗೆ ಹಸಿಯಾಗಿ ಉಳಿಯುತ್ತದೆ, ಒಂದು ಹಸಿ ಅಂಚು ಇಡೀ ಡಬ್ಬ ಕೆಡಿಸುತ್ತದೆ.

7. ಖಾರ ತೋಟದ್ದೇ ಇರಲಿ.

ಗಾಂಧಾರಿ ಮೆಣಸು ಹಲಸಿಗೆ ಹೇಳಿ ಮಾಡಿಸಿದ್ದು. ಕರಿಮೆಣಸನ್ನು ತರಿತರಿಯಾಗಿ ಕುಟ್ಟಿ ಹಾಕಿ, ನುಣ್ಣಗೆ ಪುಡಿ ಮಾಡಿದರೆ ಹಪ್ಪಳದ ಬಣ್ಣ ಮಂಕಾಗುತ್ತದೆ.

8. ಮೇ ಕೊನೆಗೆ ಡಬ್ಬ ಬಿಚ್ಚಿ ಮತ್ತೊಮ್ಮೆ ಬಿಸಿಲಿಗಿಡಿ.

ಮಳೆಗಾಲಕ್ಕೆ ಮುಂಚಿನ ಈ ಒಂದು ದಿನವನ್ನು ತಪ್ಪಿಸಬೇಡಿ. ಮುರಿದಾಗ ಲಟಕ್ ಎಂದರೆ ಒಣಗಿದೆ, ಬಾಗಿದರೆ ಇನ್ನೂ ಬೇಕು. ಬಿಸಿಯಾರಿದ ಮೇಲೆ ತುಂಬಿ. ದೊಡ್ಡ ಡಬ್ಬ ಒಂದಕ್ಕಿಂತ ಸಣ್ಣವು ನಾಲ್ಕು ಮೇಲು, ಮುಚ್ಚಳ ತೆರೆದಾಗಲೆಲ್ಲ ಒಳಗೆ ಹೋಗುವುದು ತೇವ. ಸೌದೆ ಒಲೆ ಇರುವವರು ಒಲೆಯ ಮೇಲಿನ ಅಟ್ಟದಲ್ಲಿಡಲಿ. ಜಡಿಮಳೆಯ ಕಕ್ಕಡ ತಿಂಗಳಲ್ಲೂ ಅಲ್ಲಿ ತೇವ ನಿಲ್ಲುವುದಿಲ್ಲ.

9. ಒಬ್ಬಳೇ ಮಾಡಬೇಡಿ.

ಮನೆಯದು ಅಗ್ಗ ಎನ್ನುವವರು ಹೆಂಗಸಿನ ಕೂಲಿಯನ್ನು ಲೆಕ್ಕಕ್ಕೇ ಹಿಡಿದಿರುವುದಿಲ್ಲ. ಕಾಯಿ ಇಳಿಸಿ, ಸೀಳಿ, ಮೇಣ ಒರೆಸಿ ಕೊಡುವುದು ಗಂಡಸರಿಂದ ಆಗುವ ಕೆಲಸ. ಉಂಡೆ ಕಟ್ಟುವುದು ಮಕ್ಕಳಿಗಾಗುತ್ತದೆ. ನೆರೆಯ ಎರಡು ಮೂರು ಮನೆಯವರು ಮುಯ್ಯಾಳಾಗಿ ಸೇರಿದರೆ, ಇವತ್ತು ನಮ್ಮಲ್ಲಿ ನಾಳೆ ಅವರಲ್ಲಿ ಎಂದು ಎಲ್ಲರ ಡಬ್ಬವೂ ತುಂಬುತ್ತದೆ. ಅಷ್ಟು ಜನ ಸೇರದಿದ್ದರೆ ಮಾಡುವುದೇ ಬೇಡ, ಕೊಳ್ಳಿ. ಬೆನ್ನು ನೋಯಿಸಿಕೊಂಡು ಸಂಪ್ರದಾಯ ಉಳಿಸಬೇಕಾಗಿಲ್ಲ.

ಕೊಳ್ಳುವವರಲ್ಲಿ ಒಂದು ವಿನಂತಿ. ಊರಿನ ಸ್ತ್ರೀಶಕ್ತಿ ಸಂಘ, ಸಂಜೀವಿನಿ ಗುಂಪಿನವರು ಮಾಡಿದ ಹಲಸಿನ ಹಪ್ಪಳ ಸಿಕ್ಕಿದರೆ ಚೌಕಾಸಿ ಮಾಡದೆ ತೆಗೆದುಕೊಳ್ಳಿ. ಏಪ್ರಿಲ್‌ನಲ್ಲೇ ಹೇಳಿಟ್ಟು, ಮೇ ಮುಗಿಯುವುದರೊಳಗೆ ತಂದುಬಿಡಿ. ಜುಲೈಯಲ್ಲಿ ಕೇಳಿದರೆ ಯಾರ ಮನೆಯಲ್ಲೂ ಮಾರುವಷ್ಟು ಉಳಿದಿರುವುದಿಲ್ಲ.