ಗಣಕಯಂತ್ರದ ಪರಿಷ್ಕರಣವೂ ಬಳಸುವವರ ವಿವೇಕವೂ

ಗ್ರಂಥವೊಂದು ಅಚ್ಚಾಗಿ ಹೊರಬಂದ ಮೇಲೆ ಅದರಲ್ಲಿ ಉಳಿದ ತಪ್ಪುಗಳಿಗಾಗಿ ಶುದ್ಧಿಪತ್ರವನ್ನು ಸೇರಿಸುವುದು ವಿದ್ವತ್ಪ್ರಪಂಚದ ರೂಢಿ. ಇಂತಹ ಪುಟದ ಇಂತಹ ಸಾಲನ್ನು ಹೀಗೆ ತಿದ್ದಿ ಓದಿಕೊಳ್ಳಬೇಕೆಂದು ಗ್ರಂಥಕರ್ತನು ಬಿನ್ನವಿಸುತ್ತಾನೆ. ಲೇಖನಿ ಹಿಡಿದು ತಿದ್ದುವ ಕಾರ್ಯ ಓದುಗನದು. ಇಂದು ಶಾಲೆಯ ಕಚೇರಿಯಲ್ಲಿಯೂ ಮನೆಯ ಮೇಜಿನ ಮೇಲೂ ಇರುವ ಗಣಕಯಂತ್ರಕ್ಕೂ ಇಂತಹ ಶುದ್ಧಿಪತ್ರಗಳುಂಟು. ಅವುಗಳನ್ನೇ ‘ಅಪ್‌ಡೇಟ್’ ಎನ್ನುತ್ತಾರೆ. ಭೇದವಿಷ್ಟೇ: ಇಲ್ಲಿ ಒಡೆಯನು ಮಲಗಿರುವಾಗ ಗ್ರಂಥವು ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಆ ಲೇಖನಿ ಯಾರ ಕೈಯಲ್ಲಿರಬೇಕು, ಎಷ್ಟರಮಟ್ಟಿಗೆ ಇರಬೇಕು ಎಂಬುದೇ ಪ್ರಕೃತ ವಿಚಾರ.

ಪರಿಷ್ಕರಣದ ಸ್ವರೂಪ

ಗಣಕದ ಯಂತ್ರಭಾಗಕ್ಕೂ ಇತರ ತಂತ್ರಾಂಶಗಳಿಗೂ ನಡುವೆ ನಿಂತು ಎಲ್ಲವನ್ನೂ ನಡೆಸುವ ಮೂಲ ತಂತ್ರಾಂಶವೇ ಕಾರ್ಯಾಚರಣ ವ್ಯವಸ್ಥೆ. ಮೈಕ್ರೋಸಾಫ್ಟ್ ಸಂಸ್ಥೆಯ ‘ವಿಂಡೋಸ್’ ಇವುಗಳಲ್ಲಿ ಪ್ರಸಿದ್ಧವಾದುದು. ಕೋಟ್ಯಂತರ ಸಾಲುಗಳ ಈ ಬೃಹದ್ರಚನೆಯಲ್ಲಿ ದೋಷಗಳು ಉಳಿಯುವುದು ಸಹಜ. ಗ್ರಂಥದ ದೋಷವು ಓದುಗನ ತಿಳಿವಳಿಕೆಗೆ ಮಾತ್ರ ಅಡ್ಡಿ. ಇಲ್ಲಿಯ ದೋಷವಾದರೋ ಪರರು ಒಳನುಗ್ಗಲು ತೆರೆದಿಟ್ಟ ಬಾಗಿಲು.

‘ಯೋಗಕ್ಷೇಮ’ ಎಂಬ ಪದವನ್ನು ಬಿಡಿಸುವಾಗ, ಇಲ್ಲದುದನ್ನು ಪಡೆಯುವುದು ಯೋಗವೆಂದೂ ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮವೆಂದೂ ಹಿರಿಯರು ಅರ್ಥ ಹೇಳುತ್ತಾರೆ. ಗಣಕದ ಪರಿಷ್ಕರಣಗಳೂ ಹೀಗೆಯೇ ಎರಡು ಬಗೆ. ಹೊಸ ಸೌಲಭ್ಯಗಳನ್ನೂ ಹೊಸ ಆವೃತ್ತಿಯನ್ನೂ ತರುವಂಥವು ಯೋಗದ ಕಡೆಯವು. ತೆರೆದ ಬಾಗಿಲುಗಳನ್ನು ಮುಚ್ಚುವಂಥವು ಕ್ಷೇಮದ ಕಡೆಯವು. ಮೊದಲನೆಯದಕ್ಕೆ ತಿಂಗಳುಗಟ್ಟಲೆ ಕಾಯಬಹುದು. ಎರಡನೆಯದಕ್ಕೆ ಹಾಗೆ ಕಾಯಲಾಗದು. ಈ ಭೇದವನ್ನರಿಯದೆ ಎರಡನ್ನೂ ಒಟ್ಟಿಗೆ ತಡೆಯುವುದರಿಂದಲೇ ಅನರ್ಥಗಳು ಹುಟ್ಟುತ್ತವೆ.

ನಡೆದುಬಂದ ದಾರಿ

೧೯೯೮ರ ವಿಂಡೋಸ್ ೯೮ರಲ್ಲಿ ಬಳಸುವವರೇ ಅಂತರಜಾಲದ ತಾಣಕ್ಕೆ ಹೋಗಿ ಬೇಕಾದ ಪರಿಷ್ಕರಣಗಳನ್ನು ಆರಿಸಿ ತರಬೇಕಾಗಿತ್ತು. ೨೦೦೦ದಲ್ಲಿ ಬಂದ ವಿಂಡೋಸ್ ಮಿ ಆವೃತ್ತಿಯಲ್ಲಿ ಅವು ತಾವಾಗಿ ಬರುವ ಏರ್ಪಾಡಾಯಿತು. ೨೦೦೩ರ ಅಕ್ಟೋಬರಿನಿಂದ ಪ್ರತಿ ತಿಂಗಳ ಎರಡನೆಯ ಮಂಗಳವಾರ ಇವುಗಳನ್ನು ಬಿಡುಗಡೆ ಮಾಡುವ ಪದ್ಧತಿ ನೆಲೆಗೊಂಡಿತು. ಅಮೆರಿಕದ ಆ ಬೆಳಗು ಭಾರತದಲ್ಲಿ ಮಂಗಳವಾರದ ರಾತ್ರಿ. ೨೦೧೫ರ ವಿಂಡೋಸ್ ೧೦ರಲ್ಲಿ ಗೃಹಬಳಕೆಯ ‘ಹೋಮ್’ ಆವೃತ್ತಿಯವರಿಗೆ ಬೇಡವೆನ್ನುವ ಸ್ವಾತಂತ್ರ್ಯ ಬಹುಮಟ್ಟಿಗೆ ತಪ್ಪಿಹೋಯಿತು. ಅಸಮಾಧಾನ ಬೆಳೆಯಲಾಗಿ, ೨೦೧೯ರಲ್ಲಿ ೩೫ ದಿನಗಳವರೆಗೆ ತಡೆದಿಡುವ ಅವಕಾಶ ಅವರಿಗೂ ದೊರೆಯಿತು.

ಎರಡು ನಿದರ್ಶನಗಳು

‘ತಯಾರಕರೇ ಕಳುಹಿಸಿದ ಮೇಲೆ ಶಂಕೆಯೇಕೆ? ಬಂದೊಡನೆ ಅಳವಡಿಸಿಕೊಂಡರಾಯಿತು’ ಎಂಬುದು ಒಂದು ಪಕ್ಷ. ಇದಕ್ಕೆ ಉತ್ತರ ೨೦೧೮ರಲ್ಲಿ ದೊರೆಯಿತು. ಆ ವರ್ಷದ ಅಕ್ಟೋಬರ್ ೨ರಂದು ಬಿಡುಗಡೆಯಾದ ವಿಂಡೋಸ್ ೧೦ರ ಹೊಸ ಆವೃತ್ತಿಯು ಕೆಲವರ ಕಡತಗಳನ್ನೇ ಅಳಿಸಿಹಾಕಿತು. ದಾಖಲೆಗಳ ಕೋಶವನ್ನು ಬೇರೆಡೆಗೆ ತಿರುಗಿಸಿ, ಹಳೆಯ ಜಾಗದಲ್ಲಿಯೂ ಕಡತಗಳನ್ನು ಉಳಿಸಿಕೊಂಡವರಿಗೆ ಈ ನಷ್ಟವಾಯಿತು. ಹತ್ತು ಸಾವಿರ ಅಳವಡಿಕೆಗಳಿಗೆ ಒಂದರಂತೆ ದೂರು ಬಂದುದೆಂದು ಸಂಸ್ಥೆ ಹೇಳಿತು. ಆದರೆ ಕಳೆದುಕೊಂಡವನಿಗೆ ಆ ಒಂದೇ ಸರ್ವಸ್ವ. ಬಿಡುಗಡೆಯ ನಾಲ್ಕನೆಯ ದಿನವೇ, ಅಕ್ಟೋಬರ್ ೬ರಂದು, ಅದನ್ನು ನಿಲ್ಲಿಸಲಾಯಿತು.

‘ಹಾಗಾದರೆ ಪರಿಷ್ಕರಣವೇ ಬೇಡ, ನಡೆಯುತ್ತಿರುವುದು ನಡೆಯಲಿ’ ಎಂಬುದು ಎರಡನೆಯ ಪಕ್ಷ. ಇದಕ್ಕೆ ಉತ್ತರ ೨೦೧೭ರಲ್ಲಿಯೇ ದೊರೆತಿತ್ತು. ಆ ವರ್ಷದ ಮೇ ೧೨ರಂದು ‘ವನ್ನಾಕ್ರೈ’ ಎಂಬ ದುಷ್ಟ ತಂತ್ರಾಂಶವು ಸುಮಾರು ೧೫೦ ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಗಣಕಗಳಿಗೆ ಹಬ್ಬಿ, ಕಡತಗಳಿಗೆ ಗೂಢಲಿಪಿಯ ಬೀಗ ಹಾಕಿ, ಬಿಡಿಸಲು ಹಣ ಕೇಳಿತು. ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳು ರದ್ದಾದವು. ಆ ಬಾಗಿಲನ್ನು ಮುಚ್ಚುವ ಪರಿಷ್ಕರಣ ಮಾರ್ಚ್ ೧೪ರಂದೇ, ಎಂದರೆ ೫೯ ದಿನ ಮೊದಲೇ, ಸಿದ್ಧವಾಗಿ ಬಂದಿತ್ತು. ಶುದ್ಧಿಪತ್ರ ಕೈಯಲ್ಲಿದ್ದೂ ತಿದ್ದಿಕೊಳ್ಳದಿದ್ದುದೇ ಅನೇಕರ ಹಾನಿಗೆ ಕಾರಣ.

ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಒಂದು ಕಡೆ ನಾಲ್ಕು ದಿನ, ಇನ್ನೊಂದು ಕಡೆ ೫೯ ದಿನ. ವಾರವೊಂದು ತಾಳಿದವನು ಮೊದಲನೆಯ ಆಪತ್ತಿನಿಂದ ಪಾರಾಗುತ್ತಿದ್ದನು. ತಿಂಗಳೊಳಗೆ ಅಳವಡಿಸಿಕೊಂಡವನು ಎರಡನೆಯದರಿಂದ ಪಾರಾಗುತ್ತಿದ್ದನು. ಆದಕಾರಣ ವಾರದಿಂದ ಹದಿನೈದು ದಿನಗಳ ತಾಳ್ಮೆ, ಅನಂತರ ತಪ್ಪದ ಅಳವಡಿಕೆ: ಇದೇ ಮಧ್ಯಮಮಾರ್ಗ. ದೋಷವನ್ನು ದುಷ್ಟರು ಆಗಲೇ ಬಳಸಿಕೊಳ್ಳುತ್ತಿರುವರೆಂಬ ಎಚ್ಚರಿಕೆ ಬಂದಾಗ ಮಾತ್ರ ಅಷ್ಟು ತಡವೂ ಸಲ್ಲದು.

ಅನುಸರಿಸಬೇಕಾದ ಕ್ರಮ

ಮೊದಲನೆಯದಾಗಿ, ಮುಖ್ಯ ಕಡತಗಳ ಪ್ರತಿಯೊಂದನ್ನು ಗಣಕದಿಂದ ಬಿಡಿಸಿಡಬಹುದಾದ ಬೇರೊಂದು ಸಾಧನದಲ್ಲಿ ಇರಿಸಬೇಕು. ಪ್ರತಿಯಿಲ್ಲದವನಿಗೆ ಯಾವ ನಿಯಂತ್ರಣವೂ ನಿಯಂತ್ರಣವಲ್ಲ.

ಎರಡನೆಯದಾಗಿ, ‘ಸೆಟ್ಟಿಂಗ್ಸ್’ನಲ್ಲಿರುವ ‘ವಿಂಡೋಸ್ ಅಪ್‌ಡೇಟ್’ ಪುಟದಲ್ಲಿ ‘ಪಾಜ್ ಅಪ್‌ಡೇಟ್ಸ್’ ಎಂಬುದನ್ನು ಆರಿಸಬೇಕು. ವಿಂಡೋಸ್ ೧೧ರಲ್ಲಿ ಒಂದು ವಾರದಿಂದ ಐದು ವಾರಗಳವರೆಗೆ ತಡೆಯಬಹುದು. ಈ ತಡೆ ಯೋಗ ಕ್ಷೇಮಗಳೆರಡಕ್ಕೂ ಅನ್ವಯಿಸುವುದರಿಂದ ಮಿತಿಯನ್ನು ಮರೆಯಬಾರದು.

ಮೂರನೆಯದಾಗಿ, ಅದೇ ಪುಟದ ‘ಆಕ್ಟಿವ್ ಅವರ್ಸ್’ನಲ್ಲಿ ಕೆಲಸದ ವೇಳೆಯನ್ನು ಗುರುತಿಸಬೇಕು. ಗರಿಷ್ಠ ೧೮ ಗಂಟೆಗಳ ಆ ಅವಧಿಯಲ್ಲಿ ಗಣಕವು ಪರಿಷ್ಕರಣಕ್ಕಾಗಿ ತಾನಾಗಿ ನಿಂತು ಮತ್ತೆ ಆರಂಭವಾಗುವುದಿಲ್ಲ. ಅಂಕಪಟ್ಟಿಯನ್ನು ಸಿದ್ಧಪಡಿಸುವ ದಿನಗಳಲ್ಲಿ ಇದರ ಬೆಲೆ ತಿಳಿಯುತ್ತದೆ.

ನಾಲ್ಕನೆಯದಾಗಿ, ವಿಂಡೋಸಿನ ‘ಪ್ರೊ’ ಆವೃತ್ತಿಯಲ್ಲಿ ‘ಗ್ರೂಪ್ ಪಾಲಿಸಿ’ ಎಂಬ ಸಾಧನದ ಮೂಲಕ, ಅಪ್ಪಣೆಯಿಲ್ಲದೆ ಪರಿಷ್ಕರಣವನ್ನು ಇಳಿಸಿಕೊಳ್ಳಬಾರದೆಂದು ನಿಯಮಿಸಬಹುದು. ಹೋಮ್ ಆವೃತ್ತಿಯಲ್ಲಿ ಈ ಸಾಧನವಿಲ್ಲ.

ಐದನೆಯದಾಗಿ, ಅಳವಡಿಸಿದ ಬಳಿಕ ಮುದ್ರಣಯಂತ್ರ, ಕನ್ನಡ ಕೀಲಿಮಣೆ, ಹಳೆಯ ಅಕ್ಷರವಿನ್ಯಾಸದ ಕಡತಗಳು ಸರಿಯಾಗಿವೆಯೇ ಎಂದು ಪರೀಕ್ಷಿಸಬೇಕು. ತೊಂದರೆ ಕಂಡರೆ, ಪರಿಷ್ಕರಣಗಳ ಇತಿಹಾಸದ ಪುಟದಿಂದ ಅನೇಕವನ್ನು ತೆಗೆದುಹಾಕಬಹುದು. ಹೊಸ ಆವೃತ್ತಿಯಿಂದ ಹಿಂದಿನದಕ್ಕೆ ಮರಳಲು ಸಾಮಾನ್ಯವಾಗಿ ಹತ್ತು ದಿನಗಳ ಅವಕಾಶವುಂಟು.

ಇನ್ನೊಂದು ಮಾತು. ಶುದ್ಧಿಪತ್ರ ಬರುವವರೆಗೆ ಮಾತ್ರ ಆಯ್ಕೆಯ ಪ್ರಶ್ನೆ. ವಿಂಡೋಸ್ ೧೦ರ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ರಂದು ಮುಗಿಯಿತು. ವಿಸ್ತರಿತ ರಕ್ಷಣೆಗೆ ಹೆಸರು ನೋಂದಾಯಿಸದ ಅಂತಹ ಗಣಕವನ್ನು ಅಂತರಜಾಲಕ್ಕೆ ಜೋಡಿಸಿಡುವುದು ಅಪಾಯಕರ. ಹೊಸ ವಿಂಡೋಸಿಗೆ ಯಂತ್ರ ಯೋಗ್ಯವಲ್ಲದಿದ್ದರೆ ‘ಲಿನಕ್ಸ್’ ವ್ಯವಸ್ಥೆಗೆ ಹೋಗುವುದೂ ಒಂದು ದಾರಿ.

ಉಪಸಂಹಾರ

ನಿಯಂತ್ರಣವೆಂದರೆ ನಿರಾಕರಣವಲ್ಲ, ಕಾಲವನ್ನು ತಾನು ಗೊತ್ತುಮಾಡಿ, ಆ ಕಾಲಕ್ಕೆ ತಪ್ಪದೆ ನಡೆಯುವುದು. ತಡೆಯುವ ಗುಂಡಿಯನ್ನು ಒತ್ತಿ ಮರೆತವನು ಯಂತ್ರವನ್ನು ಆಳಿದವನಲ್ಲ, ಅದನ್ನು ಅನಾಥವಾಗಿ ಬಿಟ್ಟವನು. ನೂರಾರು ಮಕ್ಕಳ ಅಂಕಗಳನ್ನೂ ದಾಖಲೆಗಳನ್ನೂ ಒಡಲಲ್ಲಿಟ್ಟುಕೊಂಡ ಗಣಕವಿರುವ ಪ್ರತಿಯೊಂದು ಶಾಲೆಯಲ್ಲಿಯೂ ಈ ಕೆಲಸಕ್ಕೆ ಒಬ್ಬರನ್ನೂ ತಿಂಗಳಿಗೊಂದು ದಿನವನ್ನೂ ನಿಯಮಿಸಿ, ಮಾಡಿದುದನ್ನು ಪುಸ್ತಕದಲ್ಲಿ ಬರೆದಿಡುವುದು ಯುಕ್ತ. ಎರಡನೆಯ ಮಂಗಳವಾರದ ನಂತರದ ಎರಡನೆಯ ಶನಿವಾರ ಮಧ್ಯಾಹ್ನ, ತರಗತಿಗಳು ಮುಗಿದ ಮೇಲೆ, ಇದಕ್ಕೆ ಒಂದು ಗಂಟೆ ಸಾಕು.